ಇರುವುದು ಬೇರೆ, ಹರಿಯುವುದು ಬೇರೆ

ಯಾದಗಿರಿ ಜಿಲ್ಲೆಯ ಕೊಡೇಕಲ್ ಸುತ್ತಿನ ಹೊಲಗಳಲ್ಲಿ ಎರೆ ಎಂಬ ಕಪ್ಪು ಮಣ್ಣಿಗೂ ಮಸಾರಿ ಎಂಬ ಕೆಂಪು ಮಣ್ಣಿಗೂ ಇರುವ ಭೇದವನ್ನು ಯಾರೂ ಯಾರಿಗೂ ಪಾಠ ಮಾಡಿ ಹೇಳಬೇಕಿಲ್ಲ. ಮಳೆಗಾಲ ಕಳೆದು ತಿಂಗಳುಗಳಾದರೂ ಎರೆ ನೆಲ ತೇವ ಹಿಡಿದುಕೊಂಡಿರುತ್ತದೆ. ಆ ತೇವದ ಬಲದ ಮೇಲೆಯೇ ಹಿಂಗಾರಿ ಜೋಳ ತೆನೆ ಕಟ್ಟುತ್ತದೆ. ಆದರೆ ಅದೇ ಎರೆಯಲ್ಲಿ ಗುಂಡಿ ತೋಡಿ ಕಾದರೆ ನೀರು ಬಸಿದು ಬರುವುದು ತೀರಾ ನಿಧಾನ. ಮಣ್ಣಿನಲ್ಲಿ ನೀರಿದೆ, ಕೊಡಕ್ಕೆ ಬರುವುದಿಲ್ಲ. ಮಸಾರಿಯ ಸ್ವಭಾವ ಇದಕ್ಕೆ ವಿರುದ್ಧ: ಹಿಡಿದಿಡುವುದು ಕಡಿಮೆ, ಬಿಟ್ಟುಕೊಡುವುದು ಹೆಚ್ಚು. ಒಂದು ನೆಲದಲ್ಲಿ ಎಷ್ಟು ನೀರಿದೆ ಎಂಬ ಪ್ರಶ್ನೆ ಒಂದು, ಅದರಲ್ಲಿ ಎಷ್ಟು ಹೊರಗೆ ಬಂದೀತು ಎಂಬ ಪ್ರಶ್ನೆ ಇನ್ನೊಂದು. ರೈತ ತಲೆಮಾರುಗಳಿಂದ ಬಲ್ಲ ಈ ಭೇದವೇ ಭೂಮಿಯ ಆಳದ ಕಚ್ಚಾ ತೈಲವನ್ನು ಹುಡುಕುವವರನ್ನು ಬಹುಕಾಲ ಕಾಡಿತು. ಅವರಿಗೆ ಕೊನೆಗೆ ಒಂದು ದಾರಿ ಸಿಕ್ಕಿದ್ದು ಬಾವಿಯೊಳಗೆ ಅಯಸ್ಕಾಂತವನ್ನು ಇಳಿಸಿ, ಕಲ್ಲಿನ ಸಂದಿಯಲ್ಲಿರುವ ದ್ರವವನ್ನೇ ನೇರವಾಗಿ ಮಾತಾಡಿಸಿದಾಗ. ಆ ವಿದ್ಯೆಯ ಹೆಸರು ಕಾಂತೀಯ ಅನುರಣನ. ಆಸ್ಪತ್ರೆಯ ಎಂಆರ್‌ಐ ಯಂತ್ರವೂ ಅದೇ ವಿದ್ಯೆಯ ಕೂಸು. ತೈಲದವರು ಅಪಾರ ಹಣ ಸುರಿದು ಕಲಿತ ಈ ಪಾಠ ತೈಲವಿಲ್ಲದ ಯಾದಗಿರಿ ಜಿಲ್ಲೆಗೂ ಬೇಕು ಎಂಬುದು ಈ ಬರಹದ ವಾದ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ನೆಲದಡಿಯ ತೈಲ ಕೆರೆಯಂತೆ ನಿಂತಿರುವುದಿಲ್ಲ. ಮರಳುಗಲ್ಲು, ಸುಣ್ಣಕಲ್ಲುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಸುಟ್ಟ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಹೇಗೆ ಹೀರುತ್ತದೋ ಹಾಗೆ ಆ ರಂಧ್ರಗಳಲ್ಲಿ ನೀರೂ ತೈಲವೂ ಅನಿಲವೂ ಒಟ್ಟಿಗೆ ಸೇರಿಕೊಂಡಿರುತ್ತವೆ. ಸಾವಿರಾರು ಅಡಿ ಕೊರೆದ ಮೇಲೂ ಬಾವಿಯ ಗೋಡೆಯಲ್ಲಿ ಯಾವ ಪದರದಲ್ಲಿ ತೈಲವಿದೆ, ಯಾವುದರಲ್ಲಿ ಬರೀ ನೀರಿದೆ ಎಂದು ಕಣ್ಣಿನಿಂದ ಹೇಳಲಾಗದು. 1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಪೆಶೆಲ್‌ಬ್ರಾನ್ ಎಂಬಲ್ಲಿ ಶ್ಲಂಬರ್ಜೆ ಸಹೋದರರ ತಂಡ ಬಾವಿಯೊಳಗೆ ವಿದ್ಯುತ್ ಹರಿಸಿ, ಕಲ್ಲು ಅದನ್ನು ಎಷ್ಟು ತಡೆಯುತ್ತದೆ ಎಂದು ಆಳದಿಂದ ಆಳಕ್ಕೆ ಅಳೆಯಿತು. ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ತೈಲ ತಡೆಯುತ್ತದೆ. ಆದ್ದರಿಂದ ತಡೆ ಹೆಚ್ಚಿದ್ದಲ್ಲಿ ತೈಲವಿರಬಹುದು ಎಂಬುದು ಲೆಕ್ಕ. 1942ರಲ್ಲಿ ಅಮೆರಿಕದ ಗಸ್ ಆರ್ಚಿ ಈ ಲೆಕ್ಕಕ್ಕೆ ಒಂದು ಸೂತ್ರವನ್ನೇ ಕೊಟ್ಟರು. ಇವತ್ತಿಗೂ ತೈಲ ಬಾವಿಗಳ ಓದು ಅಲ್ಲಿಂದಲೇ ಶುರುವಾಗುತ್ತದೆ.

ಆದರೆ ಈ ಓದಿನಲ್ಲಿ ಒಂದು ಮೂಲಭೂತ ಕೊರತೆಯಿದೆ. ವಿದ್ಯುತ್ತಿನ ತಡೆ ಹೇಳುವುದು ಕಲ್ಲು, ಜೇಡಿ, ನೀರು, ಉಪ್ಪು, ತೈಲ ಎಲ್ಲವೂ ಕೂಡಿದ ಮೊತ್ತವನ್ನು. ಸಿಹಿನೀರು ತುಂಬಿದ ಕಲ್ಲೂ ತೈಲ ತುಂಬಿದ ಕಲ್ಲಿನಂತೆ ಹೆಚ್ಚು ತಡೆ ತೋರಿಸಿ ಮೋಸಗೊಳಿಸಬಹುದು. ಇದಕ್ಕಿಂತ ದುಬಾರಿಯಾದ ಮೋಸ ಇನ್ನೊಂದಿದೆ. ನುಣ್ಣನೆಯ ಕಣಗಳ ಮರಳುಗಲ್ಲಿನಲ್ಲಿ, ಜೇಡಿಯ ತೆಳು ಪದರಗಳ ನಡುವೆ, ನೀರು ಧಾರಾಳವಾಗಿರುತ್ತದೆ. ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಉಪಕರಣ ‘ಇಲ್ಲಿ ನೀರು’ ಎನ್ನುತ್ತದೆ. ಆ ಪದರವನ್ನು ಬಿಟ್ಟು ಮುಂದೆ ಹೋದವರಿಗೆ ಆಮೇಲೆ ತಿಳಿದದ್ದೇನೆಂದರೆ, ಆ ನೀರು ಜೇಡಿಗೂ ಸಣ್ಣ ಸಂದಿಗಳಿಗೂ ಅಂಟಿಕೊಂಡು ಕೂತಿತ್ತು, ಅದು ಎಂದೂ ಬಾವಿಗೆ ಬರುವಂಥದ್ದಲ್ಲ. ದೊಡ್ಡ ಸಂದಿಗಳಲ್ಲಿದ್ದ ತೈಲ ಮಾತ್ರ ಹರಿದು ಬರುತ್ತಿತ್ತು. ಮೆಕ್ಸಿಕೋ ಕೊಲ್ಲಿಯ ತೈಲ ಕ್ಷೇತ್ರಗಳಲ್ಲಿ ಇಂಥ ಪದರಗಳು ಸಾಕಷ್ಟು ಸಿಕ್ಕಿವೆ. ನಮ್ಮ ಎರೆ ನೆಲದ ಕತೆಯೂ ಇದೇ. ಇರುವುದನ್ನು ಎಣಿಸುವ ಸಾಧನ, ಹರಿಯುವುದನ್ನು ಬೇರ್ಪಡಿಸಿ ಹೇಳದಿದ್ದರೆ, ಸರಿಯಾದ ಅಂಕಿಯನ್ನೇ ಕೊಟ್ಟು ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ.

ಕಾಂತೀಯ ಅನುರಣನ ಇಲ್ಲಿ ನೆರವಿಗೆ ಬರುವುದು ಜಲಜನಕದ ಮೂಲಕ. ನೀರಿನಲ್ಲೂ ತೈಲದಲ್ಲೂ ಜಲಜನಕವಿದೆ. ಸುತ್ತಲಿನ ಗಟ್ಟಿ ಕಲ್ಲಿನಲ್ಲಿರುವ ಅಷ್ಟಿಷ್ಟು ಜಲಜನಕದ ದನಿ ಈ ಉಪಕರಣಕ್ಕೆ ಕೇಳುವ ಮೊದಲೇ ಅಡಗಿಹೋಗುತ್ತದೆ. ಜಲಜನಕದ ನಡುಬೀಜವಾದ ಪ್ರೋಟಾನನ್ನು ತಿರುಗುವ ಒಂದು ಬುಗುರಿ ಎಂದುಕೊಳ್ಳಿ. ಅದು ತಾನೇ ಒಂದು ಅತಿ ಸಣ್ಣ ಅಯಸ್ಕಾಂತ. ಬಲವಾದ ಅಯಸ್ಕಾಂತವನ್ನು ಬಾವಿಗೆ ಇಳಿಸಿದಾಗ ಗೋಡೆಯ ಕಲ್ಲಿನ ಸಂದಿಯಲ್ಲಿರುವ ಈ ಬುಗುರಿಗಳು ಅದರ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಆಗ ಸರಿಯಾದ ಕಂಪನಸಂಖ್ಯೆಯ ರೇಡಿಯೋ ತರಂಗವನ್ನು ಒಂದು ಕ್ಷಣ ಬಿಟ್ಟರೆ ಬುಗುರಿಗಳು ಬಾಗಿ, ಒಂದೇ ಲಯದಲ್ಲಿ ಸುತ್ತುತ್ತಾ, ತಾವೇ ಒಂದು ಸಣ್ಣ ರೇಡಿಯೋ ದನಿಯನ್ನು ಹೊರಡಿಸುತ್ತವೆ. ಮೊದಲ ಕ್ಷಣದಲ್ಲಿ ಆ ದನಿ ಎಷ್ಟು ಜೋರಾಗಿದೆ ಎಂಬುದು ಅಲ್ಲಿ ಒಟ್ಟು ಎಷ್ಟು ದ್ರವವಿದೆ ಎಂದು ಹೇಳುತ್ತದೆ. ನಿಜವಾದ ಸುದ್ದಿ ಇರುವುದು ಆ ದನಿ ಎಷ್ಟು ಹೊತ್ತಿನಲ್ಲಿ ಅಡಗುತ್ತದೆ ಎಂಬುದರಲ್ಲಿ. ಇಕ್ಕಟ್ಟಾದ ಕೋಣೆಯಲ್ಲಿ ಬುಗುರಿ ಆಡಿಸಿದರೆ ಗೋಡೆಗೆ ತಾಗಿ ಬೇಗ ಬೀಳುತ್ತದೆ, ಅಗಲವಾದ ಅಂಗಳದಲ್ಲಿ ಬಿಟ್ಟರೆ ಬಹಳ ಹೊತ್ತು ಸುತ್ತುತ್ತದೆ. ಹಾಗೆಯೇ ಜೇಡಿಯ ಸಣ್ಣ ಸಂದಿಯಲ್ಲಿ ಸಿಕ್ಕಿಬಿದ್ದ ನೀರಿನ ದನಿ ಎರಡು ಮೂರು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ದೊಡ್ಡ ರಂಧ್ರದ ನೀರಿನ ದನಿ ನೂರಾರು ಮಿಲಿಸೆಕೆಂಡು ಉಳಿಯುತ್ತದೆ.

ಈ ಹೊತ್ತಿನ ಲೆಕ್ಕದಿಂದ ಒಂದು ಗಡಿ ಹಾಕಬಹುದು. ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ 33 ಮಿಲಿಸೆಕೆಂಡಿನ ಈಚೆಗೆ ಅಡಗುವ ದನಿಯೆಲ್ಲ ಕಲ್ಲಿಗೆ ಅಂಟಿದ ದ್ರವದ್ದು, ಆಚೆಗೂ ಉಳಿಯುವುದು ಹರಿಯಬಲ್ಲ ದ್ರವದ್ದು. ಸುಣ್ಣಕಲ್ಲಿಗೆ ಆ ಗಡಿ 92 ಮಿಲಿಸೆಕೆಂಡಿನ ಆಸುಪಾಸು. ಒಂದೊಂದು ಕ್ಷೇತ್ರದ ಕಲ್ಲನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಈ ಗಡಿಯನ್ನು ತಿದ್ದಿಕೊಳ್ಳುತ್ತಾರೆ. ಇನ್ನು ತೈಲವನ್ನು ನೀರಿನಿಂದ ಬೇರ್ಪಡಿಸುವುದು ಹೇಗೆ? ಬಹಳಷ್ಟು ಕಲ್ಲುಗಳಲ್ಲಿ ರಂಧ್ರದ ಗೋಡೆಗೆ ನೀರು ಅಂಟಿರುತ್ತದೆ, ತೈಲ ನಡುವೆ ತೇಲುತ್ತದೆ. ಗೋಡೆ ತಾಗದ ತೈಲದ ದನಿ ಅದರ ಮಂದತನಕ್ಕೆ ತಕ್ಕಂತೆ ಅಡಗುತ್ತದೆ: ತೆಳು ತೈಲ ಒಂದು ಸೆಕೆಂಡಿನ ಆಚೆಗೂ ದನಿ ಕೊಡಬಲ್ಲದು, ಡಾಂಬರಿನಂಥ ಮಂದ ತೈಲದ ದನಿ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದರ ಮೇಲೆ ಅಣುಗಳ ಓಡಾಟವನ್ನೂ ಅಳೆಯಬಹುದು. ಅನಿಲದ ಅಣುಗಳು ವೇಗವಾಗಿ, ನೀರಿನವು ಮಧ್ಯಮವಾಗಿ, ಮಂದ ತೈಲದವು ನಿಧಾನವಾಗಿ ಅಲೆಯುತ್ತವೆ. ಅಯಸ್ಕಾಂತದ ಬಲ ಜಾಗದಿಂದ ಜಾಗಕ್ಕೆ ಬದಲಾಗುವಂತಿಟ್ಟು, ರೇಡಿಯೋ ತರಂಗಗಳ ನಡುವಿನ ಅಂತರವನ್ನು ಬದಲಿಸುತ್ತಾ ಕೇಳಿದರೆ ಈ ಮೂವರ ದನಿ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ಹೀಗೆ ಎಷ್ಟಿದೆ, ಏನಿದೆ, ಎಷ್ಟು ಹರಿದೀತು ಎಂಬ ಮೂರೂ ಪ್ರಶ್ನೆಗೆ ಒಂದೇ ಅಳತೆಯಿಂದ ಉತ್ತರದ ಎಳೆ ಸಿಗುತ್ತದೆ.

ಈ ವಿದ್ಯೆ ಬಾವಿಯಲ್ಲಿ ದಿನನಿತ್ಯದ ಸಾಧನವಾಗಲು ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು. 1946ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್, ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ತಮ್ಮ ತಮ್ಮ ತಂಡದೊಂದಿಗೆ ಬೇರೆಬೇರೆಯಾಗಿ ಈ ಅನುರಣನವನ್ನು ದ್ರವ ಮತ್ತು ಘನ ವಸ್ತುಗಳಲ್ಲಿ ತೋರಿಸಿಕೊಟ್ಟರು. 1952ರ ನೊಬೆಲ್ ಅವರಿಬ್ಬರಿಗೆ ಸಂದಿತು. ಬೆಂಗಳೂರು ಈ ಕತೆಯ ಹೊರಗೆ ನಿಂತಿರಲಿಲ್ಲ. 1951ರಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಈ ಅನುರಣನದ ದನಿ ಹೇಗೆ ಬದಲಾಗುತ್ತದೆ ಎಂದು ಅಳೆದು ಪ್ರಕಟಿಸಿದರು. ರಕ್ತನಾಳದ ಹರಿವನ್ನು ಎಂಆರ್‌ಐಯಲ್ಲಿ ನೋಡುವ ವಿದ್ಯೆಯ ಮೂಲವನ್ನು ಹುಡುಕಿ ಹೊರಟವರು ಇಂದಿಗೂ ಆ ಲೇಖನಕ್ಕೆ ಬಂದು ಮುಟ್ಟುತ್ತಾರೆ. 1960ರ ಸುಮಾರಿಗೆ ಅಮೆರಿಕದಲ್ಲಿ ತೈಲ ಬಾವಿಗೆ ಇಳಿಸಿದ ಮೊದಲ ಉಪಕರಣಗಳು ಭೂಮಿಯ ಸಹಜ ಕಾಂತಬಲವನ್ನೇ ನೆಚ್ಚಿಕೊಂಡಿದ್ದವು. ಆ ಬಲ ತೀರಾ ಕಡಿಮೆ, ದನಿ ತೀರಾ ಸಣ್ಣದು. ಸಾಲದ್ದಕ್ಕೆ ಬಾವಿಯಲ್ಲಿ ತುಂಬಿದ್ದ ಕೆಸರುನೀರಿನ ದನಿಯೇ ಕಲ್ಲಿನೊಳಗಿನ ದನಿಯನ್ನು ಮುಚ್ಚಿಬಿಡುತ್ತಿತ್ತು; ಅದನ್ನು ಅಡಗಿಸಲು ಕೆಸರಿಗೆ ಮ್ಯಾಗ್ನೆಟೈಟ್ ಎಂಬ ಕಾಂತ ಅದಿರಿನ ಪುಡಿಯನ್ನು ಬೆರೆಸಬೇಕಾಗಿತ್ತು. 1980ರ ಆಸುಪಾಸಿಗೆ ಲಾಸ್ ಅಲಾಮೋಸ್ ಪ್ರಯೋಗಾಲಯದ ಜ್ಯಾಸ್ಪರ್ ಜಾಕ್ಸನ್ ಯೋಚನೆಯನ್ನೇ ತಿರುವಿಹಾಕಿದರು. ಆಸ್ಪತ್ರೆಯಲ್ಲಿ ರೋಗಿ ಅಯಸ್ಕಾಂತದ ಒಳಗೆ ಹೋಗುತ್ತಾನೆ; ಇಲ್ಲಿ ಅಯಸ್ಕಾಂತವೇ ಭೂಮಿಯೊಳಗೆ ಹೋಗಿ ತನ್ನ ಹೊರಗಿನದನ್ನು ನೋಡಲಿ ಎಂದರು. ಆ ಯೋಚನೆ ಬೆಳೆದು 1990ರ ದಶಕದಲ್ಲಿ ತೈಲ ಕಂಪನಿಗಳು ದಿನನಿತ್ಯ ಬಳಸುವ ಉಪಕರಣವಾಯಿತು.

ಕೊಡೇಕಲ್ ಸೀಮೆಗೂ ಈ ವಿದ್ಯೆಗೂ ನೆಂಟಸ್ತಿಕೆ ಆಗಲೇ ಒಂದು ಸಲ ಕೂಡಿಬಂದಿದೆ. ಕೊಡೇಕಲ್‌ನ ಬೂದಿದಿಬ್ಬವನ್ನು 1960ರ ದಶಕದಲ್ಲಿ ಅಗೆದು, ಅದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿ ಜನರ ಸಗಣಿಯ ಬೂದಿ ಎಂದು ತಿಳಿಸಿದ ಪುರಾತತ್ವಜ್ಞ ಕೆ. ಪದ್ದಯ್ಯ, ಮುಂದೆ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಆಯುಧಗಳ ಕಾರ್ಯಾಗಾರವನ್ನೇ ಹೊರತೆಗೆದರು. ಅಲ್ಲಿ ಸಿಕ್ಕ ಹುಲ್ಲುಮೇಯುವ ಪ್ರಾಣಿಗಳ ಹಲ್ಲಿನ ಎನಾಮಲ್ ಪದರವನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನದಿಂದ ಪರೀಕ್ಷಿಸಿದಾಗ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಬಂತು. ಭೂಮಿಯ ಸಹಜ ವಿಕಿರಣದಿಂದ ಎನಾಮಲ್ಲಿನಲ್ಲಿ ವರ್ಷವರ್ಷವೂ ಸಿಕ್ಕಿಬೀಳುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತದ ನಡುವೆ ಇಟ್ಟು ಎಣಿಸುವ ವಿಧಾನ ಅದು. ಬಾವಿಯಲ್ಲಿ ಪ್ರೋಟಾನ್ ಮಾಡುವ ಕೆಲಸವನ್ನು ಅಲ್ಲಿ ಎಲೆಕ್ಟ್ರಾನ್ ಮಾಡಿತು. ವಿದ್ಯೆ ಒಂದೇ ಮನೆತನದ್ದು. ಆ ಆದಿಮಾನವರು ಆಯುಧಕ್ಕೆ ಆರಿಸಿಕೊಂಡ ಸುಣ್ಣಕಲ್ಲು ಭೀಮಾ ಶಿಲಾವರ್ಗದ್ದು. ಅದೇ ವರ್ಗದ ಕಲ್ಲು ಶಹಾಬಾದ್ ಹಾಸುಗಲ್ಲಾಗಿ ಮನೆಮನೆಯ ನೆಲದಲ್ಲಿದೆ, ವಾಡಿಯ ಸಿಮೆಂಟಿನಲ್ಲಿದೆ.

ಹಾಗಾದರೆ ಈ ಕಲ್ಲಿನಲ್ಲಿ ತೈಲವಿದೆಯೇ? ದೇಶದ 26 ಸಂಚಿತ ಶಿಲಾ ಜಲಾನಯನಗಳ ಸರಕಾರಿ ಪಟ್ಟಿಯಲ್ಲಿ ಭೀಮಾ–ಕಲಾದಗಿಯ ಹೆಸರಿದೆ, ಆದರೆ ಅತಿ ಕೆಳಗಿನ ದರ್ಜೆಯಲ್ಲಿ. ಇಲ್ಲಿ ತೈಲ ಸಿಕ್ಕಿಲ್ಲ. ಕಲ್ಲು 54 ಕೋಟಿ ವರ್ಷಗಳಿಗೂ ಹಿಂದಿನದು. ಅಷ್ಟು ಹಳೆಯ ಕಲ್ಲಿನಲ್ಲಿ ತೈಲ ಇರಲಾರದೆಂದೇನಿಲ್ಲ. ರಾಜಸ್ಥಾನದ ಬಾಘೇವಾಲಾದಲ್ಲಿ 1991ರಲ್ಲಿ ಆಯಿಲ್ ಇಂಡಿಯಾ ಕಂಡುಕೊಂಡ ಮಂದ ತೈಲ ಹೆಚ್ಚುಕಡಿಮೆ ಆ ಕಾಲದ ಅಂಚಿನ ಮರಳುಗಲ್ಲಿನಲ್ಲಿದೆ. ಆದರೆ ಅಲ್ಲಿದ್ದ ಮಾತ್ರಕ್ಕೆ ಇಲ್ಲಿಯೂ ಇದೆ ಎನ್ನುವುದು ಜನರಿಗೆ ಸುಳ್ಳು ಆಸೆ ಹುಟ್ಟಿಸಿದಂತೆ. ಕರ್ನಾಟಕದ ನೆಲದಡಿ ಇಂದು ನಿಶ್ಚಯವಾಗಿ ಇರುವ ಕಚ್ಚಾ ತೈಲವೆಂದರೆ ನಾವೇ ತಂದು ತುಂಬಿದ್ದು: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಬಂಡೆಯ ಗುಹೆಗಳಲ್ಲಿ. ಆ ಗುಹೆಗಳ ತೈಲ ಹೊರಗೆ ಸೋರದಂತೆ ಕಾಯುವುದು ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನ ಒತ್ತಡ. ತೈಲವಿದ್ದಲ್ಲಿಯೂ ಕೊನೆಗೆ ಮಾತು ಬಂದು ನಿಲ್ಲುವುದು ಕಲ್ಲಿನ ಸಂದಿಯಲ್ಲಿ ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬಲ್ಲಿಗೇ.

ಈ ವಿದ್ಯೆಗೆ ತೈಲದವರಿಂದಲೇ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಅಯಸ್ಕಾಂತದ ಉಪಕರಣ ಬಾವಿಯ ಗೋಡೆಯಿಂದ ಎರಡು ಮೂರು ಸೆಂಟಿಮೀಟರ್, ಹೆಚ್ಚೆಂದರೆ ಹತ್ತು ಸೆಂಟಿಮೀಟರ್ ಒಳಗೆ ಮಾತ್ರ ಕೇಳಬಲ್ಲದು. ಕೊರೆಯುವಾಗ ಬಳಸಿದ ಕೆಸರಿನ ನೀರು ಅಷ್ಟು ದೂರಕ್ಕೆ ನುಗ್ಗಿ ಅಲ್ಲಿದ್ದ ತೈಲವನ್ನು ಆಚೆಗೆ ದಬ್ಬಿರುತ್ತದೆ. ಹಾಗಿರುವಾಗ ತೈಲವೇ ಸರಿದುಹೋದ ಜಾಗವನ್ನು ಕೇಳಿ ಏನು ಪ್ರಯೋಜನ? ಉತ್ತರವಿಷ್ಟೇ: ದ್ರವ ಬದಲಾದರೂ ರಂಧ್ರದ ಗಾತ್ರ ಬದಲಾಗುವುದಿಲ್ಲ. ಕಲ್ಲು ಎಷ್ಟು ಹಿಡಿದಿಡುತ್ತದೆ, ಎಷ್ಟು ಬಿಡುತ್ತದೆ ಎಂಬುದನ್ನು ಆ ಹತ್ತು ಸೆಂಟಿಮೀಟರಿನ ಕಲ್ಲೇ ಹೇಳುತ್ತದೆ. ದೂರದಲ್ಲಿ ಏನಿದೆ ಎಂಬುದನ್ನು ಇನ್ನೂ ಆಳಕ್ಕೆ ನೋಡಬಲ್ಲ ವಿದ್ಯುತ್ತಿನ ಉಪಕರಣ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ತೀರ್ಮಾನ ನಿಲ್ಲುತ್ತದೆ. ಕಾಂತೀಯ ಅನುರಣನ ಒಂಟಿಯಾಗಿ ತೈಲ ಕಂಡುಹಿಡಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬಾರದು. ಬೇರೆ ಸಾಧನಗಳು ಬಿಟ್ಟ ಒಂದು ನಿರ್ದಿಷ್ಟ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಆ ಪ್ರಶ್ನೆ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಎರಡನೆಯ ಆಕ್ಷೇಪ ಊರಿನ ಕಡೆಯಿಂದ ಬರುತ್ತದೆ: ತೈಲವಿಲ್ಲದ ನಮಗೆ ಇದೆಲ್ಲ ಯಾಕೆ? ಯಾಕೆಂದರೆ ಬಾವಿ ಕೊರೆಯುವುದರಲ್ಲಿ ನಾವು ತೈಲದವರಿಗಿಂತ ಹಿಂದೆ ಬಿದ್ದವರಲ್ಲ. ತೆಂಗಿನಕಾಯಿ ಹಿಡಿದೋ, ಕವಲು ಕಡ್ಡಿ ಹಿಡಿದೋ ಜಾಗ ಗುರುತಿಸಿ, ಸಾಲ ಮಾಡಿ ಕೊರೆಸಿ, ನೀರು ಬಂದರೆ ಪುಣ್ಯ, ಬಾರದಿದ್ದರೆ ಇನ್ನೊಂದು ಎನ್ನುವುದು ನಾಡಿನ ಒಣಪ್ರದೇಶದ ಬದುಕಾಗಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟದ ಎತ್ತರದ ಹೊಲಗಳ ಗತಿ ಇಲ್ಲಿಯೂ ಅದೇ. ಕಾಂತೀಯ ಅನುರಣನ ನೀರಿಗೂ ಒದಗುತ್ತದೆ, ಏಕೆಂದರೆ ಅದು ಕೇಳುವುದು ಜಲಜನಕದ ದನಿಯನ್ನು. ನೆಲದ ಮೇಲೆ ದೊಡ್ಡ ತಂತಿಯ ಸುರುಳಿ ಹಾಸಿ, ಭೂಮಿಯ ಸಹಜ ಕಾಂತಬಲದಲ್ಲೇ ಆಳದ ನೀರನ್ನು ಕೇಳುವ ಪದ್ಧತಿಯೂ ಇದೆ. ಫ್ರೆಂಚ್ ವಿಜ್ಞಾನಿಗಳೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್, ಎಂ.ಎಸ್. ಮೋಹನ್ ಕುಮಾರ್ ಅವರೂ ಇದ್ದ ತಂಡ ದಕ್ಷಿಣ ಭಾರತದ ನೈಸ್ ಶಿಲೆಯ ಒಂದು ಪ್ರಾಯೋಗಿಕ ಜಲಾನಯನದಲ್ಲಿ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಶಿಥಿಲಗೊಂಡ ಮೇಲ್ಪದರದ ನೀರನ್ನು ಉಪಕರಣ ಸರಿಯಾಗಿ ಗುರುತಿಸಿತು, ಆಮೇಲೆ ಕೊರೆದ ಬಾವಿಗಳು ಅದನ್ನು ದೃಢಪಡಿಸಿದವು. ಅದರ ಕೆಳಗಿನ ಬಿರುಕುಬಿಟ್ಟ ಗಟ್ಟಿ ಬಂಡೆಯಲ್ಲಿ, ನೀರಿನ ಪಾಲು ಶೇ. 0.5ಕ್ಕಿಂತ ಕಡಿಮೆ ಇರುವಲ್ಲಿ, ದನಿ ಕೇಳಿಸದು ಎಂಬುದನ್ನೂ ಆ ತಂಡ ಮುಚ್ಚಿಡದೆ ಬರೆಯಿತು.

ಆ ಮಿತಿಯನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು. ನೆಲದ ಮೇಲಿಂದ ಕೇಳದ ದನಿ ಬಾವಿಯೊಳಗಿನಿಂದ ಹತ್ತಿರವಾಗುತ್ತದೆ, ಆದರೆ ಗ್ರಾನೈಟಿನ ಕೂದಲೆಳೆಯ ಬಿರುಕಿಗೆ ಒಳಗಿನ ಉಪಕರಣವೂ ಸೋಲಬಹುದು. ಕಬ್ಬಿಣದ ಅಂಶ ಹೆಚ್ಚಿರುವ ಕಲ್ಲಿನಲ್ಲಿ, ಉತ್ತರದ ಕಪ್ಪು ಬಸಾಲ್ಟಿನಂಥಲ್ಲಿ, ಕಲ್ಲಿನದೇ ಕಾಂತಗುಣ ಅಡ್ಡಬರುತ್ತದೆ. ಉಕ್ಕಿನ ಕೇಸಿಂಗ್ ಇದ್ದರೆ ಏನೂ ಕೇಳುವುದಿಲ್ಲ. ಆದರೆ ನಮ್ಮ ಕೊಳವೆಬಾವಿಗಳಿಗೆ ಕೇಸಿಂಗ್ ಹಾಕುವುದು ಮೇಲಿನ ಸಡಿಲ ಮಣ್ಣಿಗೆ ಮಾತ್ರ, ಕೆಳಗಿನ ಬಂಡೆ ತೆರೆದೇ ಇರುತ್ತದೆ. ಶಿಥಿಲ ಪದರ, ಭೀಮಾ ಶಿಲಾವರ್ಗದ ಸುಣ್ಣಕಲ್ಲು ಮತ್ತು ಶೇಲ್, ಅವೆರಡು ಗ್ರಾನೈಟನ್ನು ಕೂಡುವ ಸಂಧಿ: ಇವು ಈ ಜಿಲ್ಲೆಯಲ್ಲಿ ಕೇಳಿ ನೋಡಬಹುದಾದ ಜಾಗಗಳು. ಇಷ್ಟೆಲ್ಲ ಯಾಕೆ, ಪಂಪು ಹಾಕಿ ನೋಡಿದರೆ ಸಾಲದೇ ಎನ್ನುವವರಿದ್ದಾರೆ. ಪಂಪು ಹೇಳುವುದು ಇಡೀ ಬಾವಿಯ ಇವತ್ತಿನ ಒಟ್ಟು ಮೊತ್ತವನ್ನು. ಯಾವ ಪದರ ಕೊಡುತ್ತಿದೆ, ನೀರಿನ ಮಟ್ಟ ಆ ಪದರದ ಕೆಳಗೆ ಇಳಿದ ದಿನ ಏನಾದೀತು, ಪಕ್ಕದ ಹೊಲದಲ್ಲಿ ಇನ್ನೂ ಆಳಕ್ಕೆ ಹೋದರೆ ಸಿಕ್ಕೀತೇ ಎಂಬುದನ್ನು ಅದು ಹೇಳುವುದಿಲ್ಲ. ಆ ತಿಳಿವಿಲ್ಲದೆಯೇ ಬಾವಿಗಳು ಒಂದರ ಪಕ್ಕ ಒಂದು ಆಳವಾಗುತ್ತಾ ಹೋಗುವುದು.

ದುಬಾರಿ ಎಂಬ ಆಕ್ಷೇಪ ಒಬ್ಬ ರೈತನ ಮಟ್ಟಿಗೆ ನಿಜ. ಅಂಥ ಉಪಕರಣವನ್ನು ಪ್ರತಿ ಹೊಲಕ್ಕೂ ತನ್ನಿ ಎಂದು ಹೇಳುವುದು ಅನ್ಯಾಯ. ಆದರೆ ತಾಲೂಕಿಗೆ ಕೆಲವು ಬಾವಿಗಳನ್ನು ಆರಿಸಿ ಸರಕಾರವೇ ಕೇಳಿಸಿದರೆ ಒಂದೊಂದು ಬಗೆಯ ಕಲ್ಲಿನ ಗುಣ ತಿಳಿಯುತ್ತದೆ, ಅದು ಆ ಕಲ್ಲಿನ ಮೇಲೆ ಉಳುವ ಎಲ್ಲರ ಆಸ್ತಿ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಗಳು ಆಗಲೇ ಇವೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗಳ ನೋಂದಣಿಗೆ 2011ರ ರಾಜ್ಯ ಕಾಯ್ದೆ ಇದೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂಗಾಗಿ ಕೊರೆದ ಬಾವಿಗಳು ಬೇರೆ. ಅಲ್ಲಿ ಖನಿಜ ಇರುವುದು ಭೂಸ್ತರ ಮುರಿದ ಜಾಗದ ನುಚ್ಚಾದ ಸುಣ್ಣಕಲ್ಲಿನಲ್ಲಿ ಮತ್ತು ಅದರ ಕೆಳಗಿನ ಗ್ರಾನೈಟಿನಲ್ಲಿ. ಗಾಮಾ ಕಿರಣದ ಅಳತೆ ಯುರೇನಿಯಂ ಎಲ್ಲಿದೆ ಎಂದು ಹೇಳುತ್ತದೆ. ಊರಿನವರ ಆತಂಕ ಇರುವುದು ನೀರಿನ ಬಗ್ಗೆ: ಆ ನುಚ್ಚುಗಲ್ಲಿನ ನೀರು ನಿಂತಿದೆಯೋ ಹರಿಯುತ್ತಿದೆಯೋ, ಹರಿದರೆ ಯಾರ ಬಾವಿಗೆ? ಖನಿಜಕ್ಕಾಗಿ ಕೊರೆದ ಪ್ರತಿ ರಂಧ್ರವೂ ನೀರಿನ ಪ್ರಶ್ನೆಗೂ ಉತ್ತರ ಹೇಳಬೇಕು, ಆ ಉತ್ತರ ಊರಿನ ಕೈಗೆ ಸಿಗಬೇಕು. ಒಮ್ಮೆ ಕೊರೆದು ಒಂದೇ ಪ್ರಶ್ನೆ ಕೇಳಿ ಮುಚ್ಚುವುದು ನೆಲಕ್ಕೂ ಜನಕ್ಕೂ ಮಾಡುವ ಅನ್ಯಾಯ.

ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ತೈಲ ಸಾಲದಾದರೆ ಹಡಗಿನಲ್ಲಿ ತರಿಸಬಹುದು. ಕೊಡೇಕಲ್‌ನ ಎತ್ತರದ ಹೊಲಕ್ಕೆ ನೀರನ್ನು ಹಾಗೆ ತರಿಸಲಾಗದು. ಕೊರತೆ ಹೆಚ್ಚಿದಷ್ಟೂ ಅಳತೆ ನಿಖರವಾಗಬೇಕು ಎಂಬುದು ನ್ಯಾಯವಾದರೆ, ತೈಲದ ಬಾವಿಗೆ ಇಳಿದ ಅಯಸ್ಕಾಂತಕ್ಕೆ ನೀರಿನ ಬಾವಿಯಲ್ಲಿ ಇನ್ನೂ ಹೆಚ್ಚಿನ ಕೆಲಸವಿದೆ. ಅದು ಬರುವ ಮೊದಲೂ ಮಾಡಬಹುದಾದ ಒಂದು ಕೆಲಸ ಉಂಟು. ಇನ್ನು ಮುಂದೆ ಕೊರೆಯುವ ಪ್ರತಿ ಬಾವಿಯ ಪಕ್ಕದಲ್ಲಿ ಎಷ್ಟು ಅಡಿಗೆ ಯಾವ ಬಣ್ಣದ ಕಲ್ಲುಪುಡಿ ಬಂತು, ಎಲ್ಲಿ ಒದ್ದೆ ಕಂಡಿತು, ಎಲ್ಲಿ ಧಾರೆ ಶುರುವಾಯಿತು ಎಂದು ಬರೆದು ಗ್ರಾಮ ಪಂಚಾಯಿತಿಯಲ್ಲಿ ಇಡಬೇಕು. ಒದ್ದೆ ಕಂಡ ಅಡಿ ಒಂದು, ಧಾರೆ ಬಂದ ಅಡಿ ಇನ್ನೊಂದು. ಆ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಬರೆದಿಟ್ಟ ಊರಿಗೆ, ಉಪಕರಣ ಬಂದ ದಿನ ಅದನ್ನು ಎಷ್ಟು ಆಳದಲ್ಲಿ ನಿಲ್ಲಿಸಿ ಕೇಳಬೇಕೆಂದು ಮೊದಲೇ ಗೊತ್ತಿರುತ್ತದೆ.